ನಲವತ್ತು ಕುಂಡಗಳ ಮಣ್ಣು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದಾವಣಗೆರೆಯ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಕೆಲಸ ತಾತ್ಕಾಲಿಕ, ಒಂದೇ ವರ್ಷದ್ದು. ಮನೆ ಹರಿಹರದಲ್ಲಿತ್ತು. ಬೆಳಗಿನ ಪ್ಯಾಸೆಂಜರ್ ರೈಲಿಗೆ ಹೋಗಿ ಸಂಜೆಯ ರೈಲಿಗೆ ಮರಳುತ್ತಿದ್ದೆ. ನಮ್ಮ ಮನೆತನದಲ್ಲಿ ಹೆಣ್ಣುಮಗಳೊಬ್ಬಳು ಕೆಲಸಕ್ಕೆ ಹೊರಟದ್ದು ಅದೇ ಮೊದಲು. ದವಸದ ಅಂಗಡಿ ಇಟ್ಟಿದ್ದ ಅಪ್ಪ ಒಂದು ಷರತ್ತಿನ ಮೇಲೆ ಒಪ್ಪಿದ್ದರು. ವರ್ಷದೊಳಗೆ ಕೆಲಸ ಗಟ್ಟಿಯಾದರೆ ಸರಿ, ಇಲ್ಲವಾದರೆ ಬಂದ ಸಂಬಂಧಕ್ಕೆ ನಾನು ತಲೆಯಾಡಿಸಬೇಕು.

ಜನವರಿಯಲ್ಲಿ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು ಕುಂಡಗಳ ಜವಾಬ್ದಾರಿ ಒಪ್ಪಿಸಿದರು. ಮಾರ್ಚ್ ಕೊನೆಗೆ ಪ್ರಾಯೋಗಿಕ ಪರೀಕ್ಷೆ. ಎಲೆಯ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಬಿಸಿಲಿಗಿಟ್ಟು, ಆಮೇಲೆ ಅದರಲ್ಲಿ ಪಿಷ್ಟ ಇದೆಯೇ ಎಂದು ನೋಡುವ ಪ್ರಯೋಗಕ್ಕೆ, ಗಂಟೆಯಾಕಾರದ ಗಾಜಿನ ಜಾಡಿಯೊಳಗೆ ಗಿಡವಿಟ್ಟು ಅದು ಬಿಡುವ ನೀರಾವಿ ತೋರಿಸುವ ಪ್ರಯೋಗಕ್ಕೆ, ಪ್ರತಿ ವಿದ್ಯಾರ್ಥಿಯ ಮುಂದೆ ಕುಂಡದಲ್ಲಿ ಬೆಳೆದ ಗಿಡವೊಂದು ಇರಬೇಕಿತ್ತು. ಬಾಲ್ಸಂ ಗಿಡ, ನಮ್ಮ ಕಡೆಯವರ ಕರ್ಣಕುಂಡಲ. ನಲವತ್ತು ಕುಂಡ ಬೆಳೆಸಬೇಕು ಎಂದರು. ಅವರು ಮಿತಭಾಷಿ. ಹೇಳಬೇಕಾದ್ದನ್ನು ಒಂದೇ ಸಲ ಹೇಳಿ, ಕನ್ನಡಕ ತೆಗೆದು ಒರೆಸಲು ತೊಡಗುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು ಎಂದು ಅರ್ಥ.

ಕಾಲೇಜಿನ ಹಿಂದೆ ಬಿದಿರು ತಟ್ಟಿ ಹೊದಿಸಿದ ಒಂದು ಶೆಡ್ಡು, ಅದಕ್ಕೊಬ್ಬ ಮಾಲಿ. ಹರಿಹರದ ಕಡೆಯ ಕೊಕ್ಕನೂರಿನವನು, ಐವತ್ತು ದಾಟಿದವನು. ಹದಿನಾರು ವರ್ಷ ದಿನಗೂಲಿಯಾಗಿ ದುಡಿದಿದ್ದ ಆತನನ್ನು ಆ ವರ್ಷ ಖಾಯಂ ಮಾಡುವ ಮಾತು ಆಫೀಸಿನಲ್ಲಿ ನಡೆದಿತ್ತು. ಕುಂಡಕ್ಕೆ ಎರೆ ಮಣ್ಣು ತರಿಸು, ಹೊಸ ಸಗಣಿ ಗೊಬ್ಬರ ಸಮ ಸಮ ಬೆರೆಸು ಎಂದು ನಾನು ಹೇಳಿದಾಗ ಆತ ತಲೆ ಕೆರೆದುಕೊಂಡ.

“ಎರೆ ಮಣ್ಣು ಕುಂಡಕ್ಕೆ ಬ್ಯಾಡ್ರಿ ಅಮ್ಮಾರೆ,” ಎಂದ. “ಹೊಲದಾಗ ಆದ್ರೆ ಅದ್ರ ಮಾತು ಬ್ಯಾರೆ. ಕುಂಡದಾಗ ನೀರು ಕುಡದ್ರೆ ಬಿಡಲ್ಲ ಅದು.”

ಸುತ್ತಲಿನ ಹತ್ತಿ, ಜೋಳ ಎಲ್ಲ ಆ ಕಪ್ಪು ಮಣ್ಣಿನಲ್ಲೇ ಬೆಳೆಯುತ್ತಿದ್ದವು. ಅದರ ಫಲವತ್ತತೆಯ ಬಗ್ಗೆ ಪರೀಕ್ಷೆಯಲ್ಲಿ ನಾನೇ ಎರಡು ಪುಟ ಬರೆದು ಪಾಸಾಗಿದ್ದೆ. ಹೇಳಿದಷ್ಟು ಮಾಡು ಎಂದೆ. ಆತ ನಲವತ್ತೂ ಕುಂಡಗಳನ್ನು ನಾನು ಹೇಳಿದಂತೆಯೇ ತುಂಬಿ, ಸಿಮೆಂಟಿನ ನೆಲದ ಮೇಲೆ ಸಾಲಾಗಿ ಇಟ್ಟ.

ಬೀಜ ಚೆನ್ನಾಗಿಯೇ ಮೊಳೆತವು. ಸಸಿಗಳು ಗೇಣುದ್ದ ಬಂದವು. ಫೆಬ್ರವರಿಯ ಮೊದಲ ಸೋಮವಾರ ಶೆಡ್ಡಿಗೆ ಹೋದಾಗ ಮೊದಲ ಸಾಲಿನ ಏಳೆಂಟು ಗಿಡಗಳು ಕತ್ತು ಮುರಿದ ಹಾಗೆ ಜೋತುಬಿದ್ದಿದ್ದವು. ಬಿಸಿಲು ಏರುತ್ತಿದ್ದ ಕಾಲ, ಬಾಯಾರಿಕೆ ಎಂದುಕೊಂಡೆ. ನೀರಿನ ಝಾರಿ ಹಿಡಿದು ಎಲ್ಲಕ್ಕೂ ತುಂಬ ನೀರು ಹಾಕಿದೆ. ಮರುದಿನ ಹದಿನೈದು ಗಿಡ ಜೋತಿದ್ದವು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ರೈಲಿಗೆ ಹೊರಡುವ ಮುಂಚೆ ಇನ್ನೊಂದು ಸಲ ನೀರು ಹಾಕತೊಡಗಿದೆ. ಮಾಲಿ ದೂರ ನಿಂತು ನೋಡುತ್ತಿದ್ದ. ಬೇಡ ಎನ್ನಲಿಲ್ಲ. ಹೇಳಿದಷ್ಟು ಮಾಡು ಎಂದವಳು ನಾನೇ.

ವಾರದೊಳಗೆ ಕೆಳಗಿನ ಎಲೆಗಳು ಹಳದಿಯಾಗಿ ಉದುರಿದವು. ದಂಟಿನ ಬುಡ ಕಪ್ಪಗಾಗಿ, ಬೆರಳು ತಾಗಿಸಿದರೆ ಮೆತ್ತಗೆ ಒತ್ತುತ್ತಿತ್ತು. ಆ ಶನಿವಾರ ಮುಖ್ಯಸ್ಥರು ಶೆಡ್ಡಿಗೆ ಬಂದರು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ಹೋಗಿ ಹಿಂದಿರುಗಿದರು.

“ಈ ಕುಂಡಗಳನ್ನ ಯಾರು ತುಂಬಿದ್ದು?” ಎಂದು ಕೇಳಿದರು.

“ಮಾಲಿ, ಸಾರ್,” ಎಂದೆ.

ಅಷ್ಟೇ ಹೇಳಿದ್ದು. ಅದು ಸುಳ್ಳೂ ಅಲ್ಲ. ಆದರೆ ಮುಂದಿನ ಮಾತು ಹೇಳಲು ಬೇಕಾದಷ್ಟು ಹೊತ್ತು ಅವರು ನನ್ನ ಮುಖ ನೋಡುತ್ತ ನಿಂತಿದ್ದರು, ನಾನು ಹೇಳಲಿಲ್ಲ. ಮಾಲಿ ಹತ್ತು ಮಾರು ದೂರದಲ್ಲಿದ್ದ. ಕೇಳಿಸಿತ್ತು. ನನ್ನ ಕಡೆ ಒಮ್ಮೆ ನೋಡಿ, ಕೈಯಲ್ಲಿದ್ದ ಸಲಿಕೆಯನ್ನು ಗೋಡೆಗೆ ಆನಿಸಿದ. ಇಷ್ಟು ವರ್ಷವಾದರೂ ಒಂದು ಕುಂಡ ತುಂಬಲು ಬರುವುದಿಲ್ಲವೇ ಎಂದು ಮುಖ್ಯಸ್ಥರು ಅವನಿಗೆ ಅಂದರು. ಆತ ಎದುರಾಡಲಿಲ್ಲ. ಮುಂದಿನ ವಾರದಿಂದ ಆತ ಬರುವುದು ಬೇಡ ಎಂದು ಆಫೀಸಿಗೆ ಚೀಟಿ ಹೋಯಿತು. ಖಾಯಮ್ಮಿನ ಫೈಲು ರಾಶಿಯ ತಳ ಸೇರಿತು ಎಂದು ಅಟೆಂಡರ್ ನನಗೆ ಹೇಳಿದ, ನನಗೆ ಸಂತೋಷವಾಗುವ ಸುದ್ದಿ ಎಂಬಂತೆ.

ಸಂಜೆಯ ರೈಲಿನಲ್ಲಿ ಹರಿಹರ ಬರುವವರೆಗೂ, ಸೋಮವಾರ ಹೋಗಿ ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ವಾಕ್ಯ ಕೂಡಿಸಿದೆ. ಸೋಮವಾರ ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ. ಮೊದಲು ಗಿಡ ಬೆಳೆಸಿ ತೋರಿಸುತ್ತೇನೆ, ಆಮೇಲೆ ಹೇಳಿದರೆ ತೂಕ ಇರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಣ್ಣು ಬಿಗಿಯಾಗಿದೆ, ಮರಳು ಬೆರೆಸಿದರಾಯಿತು ಎಂದು ತೋಚಿತು. ಹರಿಹರದ ಹೊಳೆ ದಂಡೆಯಿಂದ ಹಿಟ್ಟಿನಂಥ ನುಣುಪು ಮರಳನ್ನು ಎರಡು ಚೀಲ ತುಂಬಿಸಿ ರೈಲಿನಲ್ಲಿ ಒಯ್ದೆ. ಗಿಡ ಸತ್ತ ಕುಂಡಗಳ ಎರೆ ಮಣ್ಣಿಗೆ ಅದನ್ನು ಬೆರೆಸಿ, ಹೊಸದಾಗಿ ಬೀಜ ಹಾಕಿದೆ. ಮೂರು ದಿನಕ್ಕೆ ಕುಂಡದ ಮಣ್ಣು ಗೋಡೆಗೆ ಮೆತ್ತಿದ ಗಾರೆಯ ಹಾಗೆ ಗಟ್ಟಿಯಾಯಿತು. ನೀರು ಹಾಕಿದರೆ ತಟ್ಟೆಯಲ್ಲಿ ನಿಂತಂತೆ ಮೇಲೆಯೇ ನಿಲ್ಲುತ್ತಿತ್ತು. ಬೀಜಗಳನ್ನು ಕೆದಕಿ ನೋಡಿದೆ, ಅರ್ಧಕ್ಕರ್ಧ ಕೊಳೆತಿದ್ದವು. ಮುಖ್ಯಸ್ಥರು ಈ ಸಲ ಶೆಡ್ಡಿಗೆ ಬರಲಿಲ್ಲ. ನನ್ನನ್ನೇ ಕೋಣೆಗೆ ಕರೆಸಿದರು.

“ಗಿಡ ಇಲ್ಲ ಅಂದ್ರೆ ನಮ್ಮ ಸೆಂಟರ್ ಕ್ಯಾನ್ಸಲ್ ಆಗುತ್ತೆ. ಹುಡುಗರು ಬೇರೆ ಊರಿಗೆ ಹೋಗಿ ಪರೀಕ್ಷೆ ಕೊಡಬೇಕು. ರೆಸ್ಪಾನ್ಸಿಬಿಲಿಟಿ ನಿಮ್ಮದು,” ಎಂದು ಕನ್ನಡಕ ತೆಗೆದರು.

ಅದೇ ವಾರ ಬೇರಿನ ಉಸಿರಾಟದ ಪಾಠ ಬಂತು. ಕರಿಹಲಗೆಯ ಮೇಲೆ ಮಣ್ಣಿನ ಕಣಗಳನ್ನು ಬರೆದು, ಅವುಗಳ ನಡುವೆ ಗಾಳಿಗೆ ಜಾಗ ಬಿಟ್ಟು, ಬೇರು ಇಲ್ಲಿಂದಲೇ ಆಮ್ಲಜನಕ ತೆಗೆದುಕೊಳ್ಳುತ್ತದೆ ಎಂದು ವಿವರಿಸುತ್ತಿದ್ದೆ. ಆ ಸಂದುಗಳಲ್ಲಿ ನೀರೇ ತುಂಬಿಕೊಂಡರೆ ಏನಾಗುತ್ತದೆ ಎಂದು ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಬೇರು ಸಾಯುತ್ತದೆ, ಸತ್ತ ಬೇರು ನೀರು ಎಳೆಯಲಾರದು, ನೀರಿನಲ್ಲಿ ನಿಂತೇ ಗಿಡ ಬಾಡುತ್ತದೆ ಎಂದು ನನ್ನ ಬಾಯಿಂದಲೇ ಬಂತು. ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಂತಿತು. ಗಂಟೆ ಹೊಡೆದ ಕೂಡಲೇ ಶೆಡ್ಡಿಗೆ ಹೋಗಿ ಹಳೆಯ ಕುಂಡವೊಂದನ್ನು ಬೋರಲು ಹಾಕಿ ತಟ್ಟಿದೆ. ಮಣ್ಣಿನ ಹೆಂಟೆಯ ಜೊತೆ ಕೊಳೆತ ಮೊಟ್ಟೆಯಂಥ ನಾತ ಬಂತು. ಬೇರುಗಳು ಕಂದಾಗಿ, ಹಿಡಿದೆಳೆದರೆ ಸಿಪ್ಪೆ ಬೆರಳಿಗೆ ಬರುತ್ತಿತ್ತು. ಎರಡು ವಾರ ನಾನು ಬಾಯಾರಿದ ಗಿಡಕ್ಕೆ ನೀರು ಕೊಟ್ಟಿರಲಿಲ್ಲ. ಉಸಿರು ಕಟ್ಟಿದ್ದಕ್ಕೆ ಇನ್ನಷ್ಟು ಕಟ್ಟಿದ್ದೆ.

ಕಾರಣ ಗೊತ್ತಾಯಿತು. ಆದರೆ ಏನನ್ನು ಎಷ್ಟು ಬೆರೆಸಬೇಕು ಎಂಬುದು ಯಾವ ಪುಸ್ತಕದಲ್ಲೂ ನಮ್ಮೂರಿನ ಮಣ್ಣಿಗೆ ಹೊಂದುವಂತೆ ಬರೆದಿರಲಿಲ್ಲ. ಗೊತ್ತಿದ್ದವನು ಕೊಕ್ಕನೂರಿನಲ್ಲಿದ್ದ.

ಭಾನುವಾರ ಅವ್ವನನ್ನು ಕರೆದುಕೊಂಡು ಕೊಕ್ಕನೂರಿನ ಬಸ್ಸು ಹತ್ತಿದೆ. ಕೆಟ್ಟುಹೋದ ಮಣ್ಣಿನ ಹೆಂಟೆಯೊಂದನ್ನು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದೆ. ದಾರಿಯಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಅವಳು, “ಮೊದ್ಲು ತಪ್ಪಿನ ಮಾತು ಆಡು. ಗಿಡದ ಮಾತು ಆಮ್ಯಾಲೆ,” ಎಂದಳು.

ಮಾಲಿ ಕಣದಲ್ಲಿ ಜೋಳ ತೂರುತ್ತಿದ್ದ. ನಮ್ಮನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ. ಅವನ ಹೆಂಡತಿ ಬೇವಿನ ನೆರಳಿಗೆ ಕಂಬಳಿ ಹಾಸಿ, ಕೂಡ್ರಿ ಎಂದು ಹೇಳಿ ನೀರು ಕೊಟ್ಟಳು. ನಾನು ಕೂಡಲಿಲ್ಲ. ಕಣದ ಅಂಚಿಗೆ ಹೋಗಿ ನಿಂತು, ಮಣ್ಣು ಹೇಳಿದ್ದು ನಾನು, ತಪ್ಪು ನನ್ನದು, ಸಾಹೇಬರಿಗೆ ನಾನು ಪೂರ್ತಿ ಹೇಳಲಿಲ್ಲ ಎಂದೆ.

ಆತ ಇನ್ನೂ ಎರಡು ಮೊರ ತೂರಿದ. ಹೊಟ್ಟು ಗಾಳಿಗೆ ಹಾರಿ ನನ್ನ ಸೀರೆಯ ಮೇಲೆ ಕೂತಿತು.

“ಪೂರ್ತಿ ಹೇಳ್ಲಿಲ್ಲ ಅಂತಲ್ರಿ,” ಎಂದ. “ನೀವು ಹೇಳಿದ್ದೇ ಬ್ಯಾರೆ.”

ಅವನ ಹೆಂಡತಿ ನನ್ನತ್ತ ನೋಡದೆ, ಚೆಂಬನ್ನು ಬೂದಿ ಹಾಕಿ ತಿಕ್ಕುತ್ತಲೇ ಹೇಳಿದಳು: “ಹದಿನಾರು ವರ್ಷ ಮಾಡ್ಯಾರ್ರಿ ಅಲ್ಲಿ. ಯಾಕ ಬಿಡಿಸಿದ್ರು ಅಂತ ಊರಾಗ ಕೇಳ್ತಾರೆ. ಏನಂತ ಹೇಳೋಣ್ರಿ ನಾವು?”

ನಾಳೆಯೇ ಹೋಗಿ ಸಾಹೇಬರ ಮುಂದೆ ನಿಜ ಹೇಳುತ್ತೇನೆ ಎಂದೆ. ಮಾತು ಅವಳಿಗೆ ನಂಬಿಕೆ ತಂದಂತೆ ಕಾಣಲಿಲ್ಲ. ಮಾಲಿ ಮೊರ ಕೆಳಗಿಟ್ಟು, ಪರೀಕ್ಷೆಗೆ ಎಷ್ಟು ದಿನ ಇದೆ ಎಂದು ಕೇಳಿದ. ಮೂವತ್ತಾರು ಎಂದೆ. ಕೈ ಚಾಚಿದ. ಹೆಂಟೆ ಕೊಟ್ಟೆ. ಮುರಿದು ಮೂಸಿ, ದೂರ ಎಸೆದ.

ಆಮೇಲೆ ಅಲ್ಲೇ ನಿಂತು ಒಂದೊಂದಾಗಿ ಹೇಳಿದ. ಎರೆ ಮಣ್ಣು ಹಿಡಿಯಷ್ಟೂ ಬೇಡ, ಕೆಂಪು ಮಣ್ಣು ತರಬೇಕು. ಹಸಿ ಸಗಣಿ ಮಣ್ಣಿನೊಳಗೆ ಕಾಯುತ್ತದೆ, ಹುಳಿಯಾಗುತ್ತದೆ; ಹಾಸ್ಟೆಲಿನ ಹಿಂದಿನ ಗುಂಡಿಯಲ್ಲಿ ಎರಡು ವರ್ಷದ ಎಲೆಗೊಬ್ಬರ ಇದೆ, ಅದರ ತಳದ್ದನ್ನು ತೆಗೆಯಬೇಕು. ದಂಡೆಯ ಮರಳು ಬೇಡ, ನಡುಹೊಳೆಯ ದಪ್ಪ ಮರಳು ಜರಡಿ ಹಿಡಿದು, ಜರಡಿಯ ಮೇಲೆ ಉಳಿದದ್ದನ್ನು ಬಳಸಬೇಕು. ಮಂಡಕ್ಕಿ ಹುರಿಯುವ ಭಟ್ಟಿಗಳ ಹತ್ತಿರ ಹೋಗಿ ಅರೆಸುಟ್ಟ ಭತ್ತದ ಹೊಟ್ಟು ಕೇಳಬೇಕು.

“ಬಿಳೇ ಬೂದಿ ಕೊಡಾಕೆ ಬರ್ತಾರೆ, ಬ್ಯಾಡ ಅನ್ರಿ. ಅದು ಮಣ್ಣಿನ ಸಂದೆಲ್ಲ ಮುಚ್ತೈತೆ. ಕರೇದು, ಇನ್ನೂ ಹೊಟ್ಟಿನ ಆಕಾರ ಇರಬೇಕು. ಎರಡು ನೀರಿನಾಗ ತೊಳೀರಿ.”

ಕುಂಡದ ತೂತನ್ನು ಮೊಳೆಯಿಂದ ದೊಡ್ಡದು ಮಾಡಿ, ಒಡಕು ಹೆಂಚಿನ ಚೂರು ಕವುಚಿ ಇಡಬೇಕು, ಕುಂಡಗಳನ್ನು ಸಿಮೆಂಟಿನ ಮೇಲೆ ಇಡಬಾರದು, ಇಟ್ಟಿಗೆಯ ಮೇಲೆ ಎತ್ತಿ ಇಡಬೇಕು ಎಂದ. ನೆಲಕ್ಕೆ ಕೂತ ಕುಂಡದ ತೂತು ಇದ್ದೂ ಇಲ್ಲದಂತೆ. ನೀನು ಬಂದು ತೋರಿಸು ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದ.

“ಬರಬ್ಯಾಡ ಅಂದಾರೆ. ಕರೀದೆ ಹೆಂಗೆ ಬರ್ಲಿ?”

ಸೋಮವಾರ ಬೆಳಿಗ್ಗೆ, ಧೈರ್ಯ ಇಳಿಯುವ ಮುಂಚೆ, ರೈಲಿನಿಂದ ನೇರ ಮುಖ್ಯಸ್ಥರ ಕೋಣೆಗೆ ಹೋದೆ. ನಿಂತೇ ಹೇಳಿದೆ. ಕುಂಡ ತುಂಬಿದ್ದು ಮಾಲಿ, ಆದರೆ ಯಾವ ಮಣ್ಣು, ಯಾವ ಗೊಬ್ಬರ ಎಂದು ಹೇಳಿದ್ದು ನಾನು. ಆತ ಬೇಡ ಅಂದಿದ್ದ. ನೀವು ಕೇಳಿದಾಗ ಅದನ್ನು ಮುಚ್ಚಿಟ್ಟೆ. ಅವರು ಒಂದು ಹಾಳೆ ನನ್ನ ಕಡೆ ಸರಿಸಿದರು.

“ಬರೆದು ಕೊಡಿ.”

ಅವರ ಮೇಜಿನ ಮೂಲೆಯಲ್ಲೇ ಕೂತು ಬರೆದೆ. ಅವರು ಎರಡು ಸಲ ಓದಿ, ಮಡಚಿ, ಡ್ರಾಯರಿನಲ್ಲಿಟ್ಟು ಕೀಲಿ ಹಾಕಿದರು. ಮಾಲಿಯನ್ನು ಕರೆಸುತ್ತೀರಾ ಎಂದು ಕೇಳುವ ಮೊದಲೇ ಕನ್ನಡಕ ಕೈಗೆ ಬಂದಿತ್ತು.

ಆ ಮಧ್ಯಾಹ್ನವೇ ಮಂಡಕ್ಕಿ ಭಟ್ಟಿಗಳ ಓಣಿಗೆ ಹೋದೆ. ಗೋಡೆ, ನೆಲ, ಮನುಷ್ಯರ ಹುಬ್ಬು ಎಲ್ಲಕ್ಕೂ ಮಸಿ ಮೆತ್ತಿತ್ತು. ಒಲೆಯ ಬಾಯಿಗೆ ಹೊಟ್ಟು ಸುರಿಯುತ್ತಿದ್ದ ಹೆಂಗಸೊಬ್ಬಳು ನಾನು ಕೇಳಿದ್ದನ್ನು ಕೇಳಿ ನಕ್ಕಳು. ಪಾತ್ರೆ ತೊಳೆಯಲು ಬೂದಿ ಕೇಳುವವರಿದ್ದಾರೆ, ಪೂರ್ತಿ ಸುಡದ್ದನ್ನು ಕೇಳಿದವರು ನೀವೇ ಮೊದಲು ಎಂದಳು. ಆದರೂ ಒಲೆಯ ಅಂಚಿನಿಂದ ಕಪ್ಪು ಹೊಟ್ಟನ್ನು ಗೋರಿ, ನೀರು ಚಿಮುಕಿಸಿ, ಮೂರು ಚೀಲ ತುಂಬಿಸಿಕೊಟ್ಟಳು.

ಮೂರು ದಿನ ಪಾಠ ಮುಗಿದ ಹೊತ್ತಿನಲ್ಲೆಲ್ಲ ಶೆಡ್ಡಿನಲ್ಲಿದ್ದೆ. ಮೊದಲ ಮಿಶ್ರಣದಲ್ಲಿ ನೀರು ಇಳಿಯಲು ಬಹಳ ಹೊತ್ತು ಹಿಡಿಯಿತು. ಮರಳು ಹೆಚ್ಚಿಸಿದೆ, ಸುರಿದ ನೀರು ಸುರಿದಂತೆ ಕೆಳಗೆ ಹೋಗಿ, ಬೆರಳಿಟ್ಟರೆ ಒಳಗೆ ಪಸೆಯೇ ಇರಲಿಲ್ಲ. ಮತ್ತೆ ಗೊಬ್ಬರ ಸೇರಿಸಿದೆ. ಕೊನೆಗೆ ಮೂರು ಬೊಗಸೆ ಕೆಂಪು ಮಣ್ಣಿಗೆ ಎರಡು ಗೊಬ್ಬರ, ಒಂದು ಮರಳು, ಒಂದೂವರೆ ಹೊಟ್ಟು ಎಂಬಲ್ಲಿಗೆ ಬಂದಾಗ, ಚೆಂಬಿನ ನೀರು ಮೇಲೆ ಒಂದು ಕ್ಷಣ ಮಿನುಗಿ ಇಳಿದುಹೋಯಿತು. ಹಿಡಿದರೆ ಉಂಡೆಯಾಗುತ್ತಿತ್ತು, ಬೆರಳು ತಾಗಿಸಿದರೆ ಉದುರುತ್ತಿತ್ತು. ಹಳೆಯ ಗಿಡಗಳಲ್ಲಿ ಹನ್ನೊಂದರ ಬೇರಿನ ತುದಿ ಇನ್ನೂ ಬೆಳ್ಳಗಿತ್ತು. ಕೊಳೆತದ್ದನ್ನು ಕತ್ತರಿಸಿ ಅವನ್ನು ನೆಟ್ಟೆ. ಉಳಿದವಕ್ಕೆ ನೆನೆಸಿದ ಬೀಜ ಹಾಕಿದೆ. ಉಗುರುಗಳ ಸುತ್ತ ಕಟ್ಟಿದ ಮಸಿ ಹೋಗಲೇ ಇಲ್ಲ. ಅಪ್ಪ ಊಟಕ್ಕೆ ಕೂತಾಗ ಅದನ್ನೇ ನೋಡುತ್ತಿದ್ದರು.

ನಾಲ್ಕನೆಯ ದಿನ ಶೆಡ್ಡಿಗೆ ಹೋದರೆ ಮಾಲಿ ಸಾಲುಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಆಫೀಸಿನಿಂದ ಹೇಳಿಕಳಿಸಿದ್ದರಂತೆ. ಕುಂಡದಿಂದ ಕುಂಡಕ್ಕೆ ಬೆರಳು ಇಳಿಸುತ್ತ ಹೋಗಿ ಐದನ್ನು ಪಕ್ಕಕ್ಕೆ ಇಟ್ಟ. ಒತ್ತಿ ತುಂಬಿದ್ದೀರಿ, ಬಿಡಿಸಿ ಮತ್ತೆ ತುಂಬಿ ಎಂದ. ನಾನು ಅಲ್ಲೇ ಕೂತು ಮಾಡಿದೆ.

ಮಾರ್ಚ್ ಮಧ್ಯಕ್ಕೆ ಬಂದಂತೆ ಬಿಸಿಲು ಕೆಂಡವಾಯಿತು. ಒಂದು ಮಧ್ಯಾಹ್ನ ನೋಡಿದರೆ ಸಸಿಗಳೆಲ್ಲ ತಲೆ ಬಗ್ಗಿಸಿದ್ದವು. ಝಾರಿಗೆ ಕೈ ಹಾಕಿದೆ. ಮಾಲಿ ಅದರ ಹಿಡಿಯನ್ನು ಆ ಕಡೆಯಿಂದ ಹಿಡಿದುಕೊಂಡ.

“ಬೆರಳು ಇಟ್ಟು ನೋಡ್ರಿ. ಒಳಗೆ ಪಸೆ ಐತೆ. ಬಿಸ್ಲಿಗೆ ಬಗ್ಗ್ಯಾವೆ, ಸಂಜೀಕೆ ಏಳ್ತಾವೆ.”

“ಏಳದಿದ್ದರೆ?” ಎಂದೆ.

ಅವನು ಝಾರಿ ಬಿಡಲಿಲ್ಲ. ಆ ದಿನದ ಎರಡು ತರಗತಿಗಳಲ್ಲಿ ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ. ಸಂಜೆ ರೈಲು ಬಿಟ್ಟು ಶೆಡ್ಡಿನಲ್ಲೇ ನಿಂತೆ. ತಟ್ಟಿಯ ನೆರಳು ಉದ್ದವಾಯಿತು. ಬಿಸಿಲು ಕುಂಡಗಳನ್ನು ದಾಟಿ ಗೋಡೆಗೆ ಹೋಯಿತು. ಮೊದಲು ಒಂದು ಗಿಡದ ತುದಿಯ ಎಲೆ ಮಟ್ಟವಾಯಿತು, ನನ್ನ ಕಣ್ಣಿನ ಭ್ರಮೆ ಎಂದುಕೊಂಡೆ. ಕತ್ತಲಾಗುವ ಮುಂಚೆ ಸಾಲು ಪೂರ್ತಿ ನೆಟ್ಟಗಾಗಿತ್ತು. ಮಾಲಿ ಆಗ ಒಂದೊಂದಕ್ಕೂ ಅರ್ಧ ಚೆಂಬು ನೀರು ಹಾಕಿ ಕೈ ತೊಳೆದುಕೊಂಡ. ತಡವಾಗಿ ಬಸ್ಸಿನಲ್ಲಿ ಮನೆಗೆ ಹೋದೆ.

ಪರೀಕ್ಷೆಯ ಹೊತ್ತಿಗೆ ಮೂವತ್ತನಾಲ್ಕು ಗಿಡ ನಿಂತಿದ್ದವು, ವಿದ್ಯಾರ್ಥಿಗಳಿಗೆ ಸರಿಯಾಗಿ ಸಾಲುವಷ್ಟು. ಬೀಜದಿಂದ ಬಂದವು ಗಿಡ್ಡ, ಆದರೆ ಎಲೆ ದಪ್ಪವಾಗಿತ್ತು. ಪಿಷ್ಟದ ಪ್ರಯೋಗಕ್ಕಾಗಿ, ಎಲೆಯಲ್ಲಿ ಮೊದಲೇ ಇದ್ದ ಪಿಷ್ಟ ಖಾಲಿಯಾಗಲೆಂದು, ಅವುಗಳಲ್ಲಿ ಅರ್ಧವನ್ನು ಎರಡು ದಿನ ಕತ್ತಲ ಕೋಣೆಯಲ್ಲಿ ಇಡಬೇಕಾಯಿತು. ಕೊಳೆತುಹೋದರೆ ಬದಲಿಗೆ ಬೇರೆ ಇರಲಿಲ್ಲ. ದಿನಕ್ಕೆ ನಾಲ್ಕು ಸಲ ಬಾಗಿಲ ಸಂದಿಗೆ ಮೂಗು ಇಟ್ಟು ಮೂಸುತ್ತಿದ್ದೆ. ಒಣ ಮಣ್ಣಿನ ವಾಸನೆ ಬಿಟ್ಟು ಬೇರೆ ಬರಲಿಲ್ಲ.

ಮೈಸೂರಿನಿಂದ ಬಂದ ಪರೀಕ್ಷಕರು ಬಿಸಿಲಿಗೆ ಬಳಲಿದ್ದರು. ಮೊದಲ ಹುಡುಗ ಎಲೆಯನ್ನು ಸ್ಪಿರಿಟ್ಟಿನಲ್ಲಿ ಕುದಿಸಿ ಬೆಳ್ಳಗಾಗಿಸಿ, ಅಯೋಡಿನ್ ಹನಿ ಹಾಕಿದ. ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ಕಾಗದ ಮುಚ್ಚಿದ್ದ ಅರ್ಧ ಹಳದಿಯಾಗಿಯೇ ಉಳಿಯಿತು. ಬಿಸಿಲು ಕಂಡ ಅರ್ಧ ನಿಧಾನವಾಗಿ ನೀಲಿಗಟ್ಟಿ ಕಪ್ಪಾಯಿತು. ಪರೀಕ್ಷಕರು ಗುರುತು ಹಾಕಿ ಮುಂದಿನ ಮೇಜಿಗೆ ಹೋದರು. ಎರಡು ದಿನದಲ್ಲಿ ಅವರು ಕುಂಡಗಳತ್ತ ಒಂದು ಸಲವೂ ನೋಡಲಿಲ್ಲ. ಫ್ಯಾನು ಜೋರಾಗಿ ತಿರುಗುವುದಿಲ್ಲವೇ ಎಂದು ಮಾತ್ರ ಎರಡು ಬಾರಿ ಕೇಳಿದರು.

ಜೂನ್‌ನಲ್ಲಿ ಕಾಲೇಜಿನಿಂದ ಕಾಗದ ಬಂತು. ನನ್ನ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡಿದ್ದರು. ಕಾರಣ ಬರೆದಿರಲಿಲ್ಲ. ಡ್ರಾಯರಿನಲ್ಲಿಟ್ಟ ಹಾಳೆಯೇ ಕಾರಣವೋ, ಮೊದಲ ಸಲ ಸತ್ತ ಗಿಡಗಳೋ, ಹೆಣ್ಣುಮಗಳಿಗೆ ಇಷ್ಟು ಸಾಕು ಎಂದುಕೊಂಡರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಸರ್ಟಿಫಿಕೇಟ್ ತರಲು ಹೋದಾಗ ಮುಖ್ಯಸ್ಥರು ಸಹಿ ಮಾಡಿ ಕೊಟ್ಟರು, ಕಾರಣ ನಾನು ಕೇಳಲಿಲ್ಲ. ಅಪ್ಪ ಎರಡು ಜಾತಕ ತರಿಸಿದರು. ಅವ್ವ, ನನಗೆ ಕೇಳಿಸದಂತೆ, ಅವರ ಜೊತೆ ಏನು ಮಾತಾಡಿದಳೋ, ಜುಲೈನಲ್ಲಿ ಹರಿಹರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಬೇಕು ಎಂಬ ಸುದ್ದಿ ಬಂದಾಗ ಅರ್ಜಿ ಹಾಕಲು ಅಪ್ಪ ಅಡ್ಡಿ ಮಾಡಲಿಲ್ಲ. ಅಲ್ಲಿಯೇ ನನ್ನ ನೌಕರಿ ಮುಗಿಯಿತು, ಮೂವತ್ತೊಂದು ವರ್ಷದ ನಂತರ.

ಮಾಲಿಯನ್ನು ಇನ್ನೊಂದೇ ಸಲ ಕಂಡೆ, ಎರಡು ವರ್ಷ ಕಳೆದು, ಹರಿಹರದ ಬಸ್ ಸ್ಟ್ಯಾಂಡಿನಲ್ಲಿ. ಹಿಂದಿನ ಯುಗಾದಿಗೆ ಖಾಯಂ ಆಯಿತು ಎಂದ. ಹೆಂಡತಿಗೆ ಮೊಣಕಾಲು ನೋವು, ಆಸ್ಪತ್ರೆಗೆ ತೋರಿಸಿ ಬಂದೆವು ಎಂದ. ಅವಳು ಸ್ವಲ್ಪ ದೂರದಲ್ಲಿ ಚೀಲದ ಮೇಲೆ ಕೂತಿದ್ದಳು. ನಾನು ನಮಸ್ಕಾರ ಮಾಡಿದೆ. ಅವಳು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಕೈ ಎತ್ತದೆ, ಊರಿಗೆ ಹೋಗುವ ಬಸ್ಸು ಯಾವುದು ಎಂದು ಗಂಡನನ್ನು ಕೇಳಿದಳು. ಬಸ್ಸು ಬಂತು. ಆತ ಅವಳ ತೋಳು ಹಿಡಿದು ಹತ್ತಿಸಿ, ತಾನೂ ಹತ್ತಿ, ಕಿಟಕಿಯಿಂದ ನನ್ನತ್ತ ಒಮ್ಮೆ ಕೈ ಬೀಸಿದ.